ಲಗ್ನಪತ್ರಿಕೆಯ ಡಾಕ್ಟರು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಹೊಳೆನರಸೀಪುರದವರನ್ನು ಮೀರಿಸುವವರಿಲ್ಲ. ೧೯೯೬ರಲ್ಲಿ ನನ್ನ ಗೆಳೆಯ ಮುರಳೀಕೃಷ್ಣನ ಮದುವೆ ಗೊತ್ತಾದಾಗ ಅವನ ಮಾವ ಸಂಪತ್ಕುಮಾರ ಅಯ್ಯಂಗಾರ್ಯರು ಲಗ್ನಪತ್ರಿಕೆಯಲ್ಲಿ ‘ಡಾ. ಮುರಳೀಕೃಷ್ಣ’ ಎಂದೇ ಅಚ್ಚು ಹಾಕಿಸಿದರು. ಅವನ ಪಿಎಚ್.ಡಿ. ಇನ್ನೂ ಮುಗಿದೇ ಇರಲಿಲ್ಲ.

“ಇನ್ನೂ ಬಂದಿಲ್ಲವಲ್ಲ ಮಾವ” ಎಂದ.

“ಇವತ್ತಲ್ಲ ನಾಳೆ ಬರೋದೇ ಅಲ್ವೇನಯ್ಯ? ಹಾಸನದ ನೆಂಟರಿಗೆಲ್ಲ ಆಗ್ಲೇ ಹಂಚಿ ಆಯ್ತು.”

ಮದುವೆಯ ಮಾರನೇ ದಿನದಿಂದ ಊರಿಗೆಲ್ಲ ಅವನು ಡಾಕ್ಟರು. ನಾವಿಬ್ಬರೂ ಪಾಠ ಹೇಳುತ್ತಿದ್ದ ಕಾಲೇಜಿನ ಜವಾನ ಬೋರಪ್ಪನಂತೂ, “ನಮ್ಮೆಮ್ಮೆಗೆ ಒಟ್ಟೆ ಉಬ್ಬರ ಕಣ್ ಸಾ, ವಸಿ ನೋಡ್ಬುಡಿ” ಎಂದು ಬಂದ. ಸಮುದ್ರದ ಅಲೆ ಓದಿದವನಪ್ಪ ನಾನು ಎಂದು ಮುರಳಿ ಅಂದರೆ, “ಇಲ್ಲಿ ಸಮುದ್ರ ಎಲ್ಲೈತೆ ಸಾ” ಎಂದು ನಕ್ಕುಬಿಟ್ಟ.

ಅವನು ಓದಿದ್ದು ನಿಜಕ್ಕೂ ಒಳ್ಳೆಯ ವಿದ್ಯೆ. ಕರಾವಳಿಯ ಒಂದು ಮೀನುಗಾರರ ಊರಿನಲ್ಲಿ, ಜಲಜಕ್ಕ ಎಂಬಾಕೆಯ ಮನೆಯಲ್ಲಿ ಗಂಜಿ ಉಂಡುಕೊಂಡು, ಮೂರು ಮಳೆಗಾಲ ಅಲೆಯನ್ನೂ ಮರಳನ್ನೂ ಅಳೆದಿದ್ದ. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದಾಗ ಸಿಕ್ಕ ಉತ್ತರ ಸರಳವಾಗಿತ್ತು. ಮಳೆಗಾಲದ ಅಲೆ ಓರೆಯಾಗಿ ಬಂದು ಮರಳನ್ನು ಉತ್ತರಕ್ಕೆ ಸಾಗಿಸುತ್ತದೆ. ಬಂದರಿಗೆಂದು ಕಲ್ಲಿನ ಗೋಡೆ ಕಟ್ಟಿದರೆ ಮರಳು ಅಲ್ಲೇ ನಿಲ್ಲುತ್ತದೆ, ಉತ್ತರದಲ್ಲಿರುವ ಜಲಜಕ್ಕನ ಊರನ್ನು ಸಮುದ್ರ ತಿನ್ನುತ್ತದೆ. ಗಂಜಿ ಉಣ್ಣುತ್ತಲೇ ಇದನ್ನು ಅವಳಿಗೂ ಹೇಳಿದ್ದ.

ಗೋಡೆ ಕಟ್ಟುವವರಿಗೆ ಸಲಹೆಗಾರರಾಗಿ ಹೋದವರು ಅವನ ಗೈಡೇ. “ಮಳೆಗಾಲದ ಅಲೆ ಬಿಡು, ಬೇಸಿಗೆಯದಷ್ಟೇ ಲೆಕ್ಕಕ್ಕೆ ತಗೋ. ಇಲ್ದಿದ್ರೆ ನನ್ನ ಸಹಿ ಇಲ್ಲ” ಎಂದರು. ಬೇಸಿಗೆಯಲ್ಲಿ ಸಮುದ್ರ ಹಸುವಿನ ಹಾಗೆ ಮಲಗಿರುತ್ತದೆ ಎಂಬುದು ಆ ಮಹಾನುಭಾವರಿಗೆ ಗೊತ್ತಿರಲಿಲ್ಲವೇ?

ಎರಡು ವರ್ಷ ಮುರಳಿ ಒಪ್ಪಲಿಲ್ಲ. ಅಷ್ಟರಲ್ಲಿ ಊರು ಮೂಸತೊಡಗಿತು. ಅರಕಲಗೂಡಿನ ನೆಂಟರೊಬ್ಬರು ತುಂಬಿದ ಪಂಕ್ತಿಯಲ್ಲೇ ಕೇಳಿದರು, ಪದವಿ ಯಾವಾಗ ಬಂತು ಎಂದು. ಹೆಂಡತಿ ಆರತಿ ಅಂದಿನಿಂದ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಒಂದು ದಿನ ಅವನನ್ನೇ ಕೇಳಿದಳು: “ಎಲ್ಲಿಯವರೆಗೆ ನಾನು ಸುಳ್ಳುಗಾರನ ಹೆಂಡ್ತಿ ಅನ್ನಿಸಿಕೊಳ್ಳಲಿ?”

ಸುಳ್ಳುಗಾರ ಅನ್ನಿಸಿಕೊಳ್ಳಬಾರದೆಂದು ಅವನು ಸುಳ್ಳು ಬರೆದ. ಬೇಸಿಗೆಯ ಅಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿದು, ಗೋಡೆಯಿಂದ ಊರಿಗೆ ಅಪಾಯವಿಲ್ಲ ಎಂದ. ಗೈಡಿನ ಸಹಿ ಬಿತ್ತು, ೧೯೯೮ರಲ್ಲಿ ಪದವಿಯೂ ಬಂತು. ಸಂಪತ್ಕುಮಾರರು ಊರಿಗೆಲ್ಲ ಪುಳಿಯೋಗರೆ ಹಾಕಿಸಿ, “ನಾನು ಆವತ್ತೇ ಅಚ್ಚು ಹಾಕಿಸಿರ್ಲಿಲ್ವೇ” ಎಂದು ಬೀಗಿದರು. ಎಲೆಯ ಮುಂದೆ ಕುಳಿತಿದ್ದ ಮುರಳಿ ನಡೆದದ್ದನ್ನೆಲ್ಲ ನನ್ನ ಕಿವಿಯಲ್ಲಿ ಹೇಳಿದ. ಅವನ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ, ಅವನ ಮಾವನವರ ಮೇಲಿನದು ಅದಕ್ಕಿಂತ ಹೆಚ್ಚು.

೨೦೦೪ರಲ್ಲಿ ಮುರಳಿಯೂ ನಾನೂ ಕಾಲೇಜಿನ ಹುಡುಗರನ್ನು ಪ್ರವಾಸಕ್ಕೆ ಕರೆದುಕೊಂಡು ಆ ಕರಾವಳಿಯ ಕಡೆ ಹೋದೆವು. ಗೋಡೆ ಗಟ್ಟಿಯಾಗಿ ನಿಂತಿತ್ತು. ಜಲಜಕ್ಕನ ಮನೆ ಇದ್ದ ಕಡೆ ನೀರು, ನೀರಿನ ನಡುವೆ ಅವಳ ಬಾವಿಯ ಕಟ್ಟೆ. ರಸ್ತೆ ಬದಿಯ ತಗಡಿನ ಶೆಡ್ಡಿನಿಂದ ಅವಳೇ ಗುರುತು ಹಿಡಿದು ಓಡಿಬಂದಳು.

“ನೀವ್ ಆಗ್ಳೇ ಹೇಳಿದ್ರಿ ಮಾರಾಯ್ರೆ, ಗೋಡೆ ಕಟ್ಟೂಕಾಗ ಅಂದೇಳಿ. ದೊಡ್ಡ ಜನ ನಿಮ್ಮ ಮಾತ್ ಕೇಣ್ಲಿಲ್ಲ. ಪಾಪ, ನೀವೆಂತ ಮಾಡೂದ್?”

ಅವಳು ಒಳಗೆ ಕೂರಿಸಿ ಗಂಜಿ ಬಡಿಸಿದಳು. ಮುರಳಿ ತಲೆ ತಗ್ಗಿಸಿ ಉಂಡ. ಇನ್ನೊಂದು ಸೌಟು ಹಾಕಲು ಬಂದಾಗಲೂ ಬೇಡ ಅನ್ನಲಿಲ್ಲ.