ಅತ್ತೆ ಯಾವ ಒಲೆಯವಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸ ಆಗಿನ್ನೂ ನನಗಿರಲಿಲ್ಲ. ಮನೆ ಪಾಲಾದ ದಿನ ನಾನು ಶಾಲೆಗೇ ಹೋಗಿರಲಿಲ್ಲ ಎಂದು ನನ್ನ ನೆನಪು. ಹೋಗಿದ್ದೆ, ಮಧ್ಯಾಹ್ನ ಬಂದೆ ಅನ್ನುತ್ತಾಳೆ ಅಮ್ಮ. ಅರವತ್ತರ ದಶಕದ ಕೊನೆ ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

ದೇವನಹಳ್ಳಿ ಕಡೆಯ ವಿಜಯಪುರದ ಹತ್ತಿರದ ನಮ್ಮೂರಲ್ಲಿ ಆಗ ಸಂಸಾರವೆಂದರೆ ಒಲೆ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ. ಅಪ್ಪ, ಅಮ್ಮ, ನಾನು, ಚಿಕ್ಕಪ್ಪ, ಚಿಕ್ಕಮ್ಮ, ಮತ್ತೆ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ. ಗಂಡ ತೀರಿಕೊಂಡ ಮೇಲೆ ಸೂಲಿಬೆಲೆ ಕಡೆಯಿಂದ ತೌರಿಗೆ ಬಂದವಳು. ಹಿತ್ತಲ ಕಡೆ ರೇಷ್ಮೆಹುಳ ಸಾಕುವ ಕೋಣೆಯಿತ್ತು. ಆ ಹುಳದ ಮನೆಯ ಕೆಲಸವೆಲ್ಲ ಅವಳದೇ.

ಚಿಕ್ಕಪ್ಪನಿಗೆ ದೇವನಹಳ್ಳಿಯಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಬೆಳಗಿನ ಬಸ್ಸಿಗೆ ಮುಂಚೆ ಅವನ ಊಟ ಆಗಬೇಕು. ಮಿಕ್ಕವರಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಬಂದ ಮೇಲೆ ಮುದ್ದೆ.

"ಬಂದೋರ್ಗೆಲ್ಲಾ ಒಂದೊಂದ್ಸಲ ಎಸರಿಡೋಕೆ ನಾನೇನು ಹೋಟ್ಲು ಇಟ್ಟಿದ್ದೀನಾ?" ಅಂದಳು ಅಮ್ಮ.

"ನನ್ನ ಗಂಡಂಗೆ ನಾನೇ ಬೇಯಿಸ್ಕೋತೀನಿ ಬಿಡಕ್ಕ" ಅಂದಳು ಚಿಕ್ಕಮ್ಮ.

ಮನೆ ಒಡೆಯಲು ಅಷ್ಟೇ ಕಾರಣವೇ? ಬೇರೆಯೂ ಇದ್ದವೇನೋ. ನನ್ನ ಕಿವಿಗೆ ಬಿದ್ದದ್ದು ಇಷ್ಟು.

ಪಾಲು ಮಾಡಲು ಊರ ಹಿರಿಯರೊಬ್ಬರು ಬಂದು ಜಗಲಿಯ ಮೇಲೆ ಕೂತರು. ಹೊಲ, ಎತ್ತು, ಹಂಡೆ ಎಲ್ಲ ಅತ್ತ ಇತ್ತ ಆದವು.

"ಕೋಳಿ ಬುಟ್ಟೀನೂ ಹಂಚಿದ್ದಾಯ್ತು. ಇನ್ನೇನ್ರಪ್ಪಾ ಉಳೀತು, ಬೆಕ್ಕಾ?" ಅಂದರು ಹಿರಿಯರು.

"ಅದು ಹಾಲಿರೋ ಕಡೆ ಹೋಗ್ತದೆ ಬಿಡಿ" ಅಂದ ಚಿಕ್ಕಪ್ಪ. ಎಲ್ಲರೂ ನಕ್ಕರು. ಅತ್ತೆಯ ಮಾತನ್ನು ಯಾರೂ ಎತ್ತಲಿಲ್ಲ.

ಹುಳವನ್ನು ಮಾತ್ರ ಹಂಚಲಾಗಲಿಲ್ಲ. ಅವು ಕೊನೆಯ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚಿನ ಆ ನಿದ್ದೆಯಲ್ಲಿ ಹುಳದ ತಟ್ಟೆ ಅಲುಗಿಸಬಾರದು. ಗೂಡು ಕಟ್ಟುವವರೆಗೆ ಹುಳದ ಮನೆ ಇಬ್ಬರದೂ ಎಂದಾಯಿತು.

ಮಧ್ಯಾಹ್ನ ಚಿಕ್ಕಮ್ಮ ಅಮ್ಮನ ಒಲೆಯಿಂದ ಕೆಂಡ ತಂದು ಪಡಸಾಲೆಯ ಮೂಲೆಯಲ್ಲಿ ಹೊಸ ಒಲೆ ಹಚ್ಚಿದಳು. ನಾನು ಎರಡೂ ಕಡೆ ಉಂಡೆ. ಪಾತ್ರೆ ಬೆಳಗುವಾಗ ಅಮ್ಮ ಕೇಳಿದಳು: "ಅತ್ತಿಗೆ ಉಂಡ್ರಾ?"

"ನಿಮ್ ಕಡೆ ಉಣ್ಲಿಲ್ವಾ?" ಅಂದಳು ಚಿಕ್ಕಮ್ಮ.

ಇಬ್ಬರ ಕೈಯೂ ನಿಂತಿತು. ಆಮೇಲೆ ಇಬ್ಬರೂ ಒಂದೊಂದು ತಟ್ಟೆ ಹಿಡಿದು ಹಿತ್ತಲಿಗೆ ಓಡಿದರು. ಅತ್ತೆ ಬಾಗಿಲಲ್ಲಿ ಇರುವೆ ಗುಡಿಸುತ್ತಿದ್ದಳು.

"ಎರಡೆರಡು ಮುದ್ದೆ ತಿಂದ್ರೆ ನಾನೂ ಗೂಡು ಕಟ್ಕೋಬೇಕಾಗ್ತದೆ ಅಷ್ಟೆ. ನನ್ನ ಊಟ ಆಯ್ತು, ಹೋಗ್ರಮ್ಮ."

ಎಲ್ಲಿ ಆಯಿತು? ಬೆಳಿಗ್ಗೆಯೇ ನಮ್ಮಲ್ಲಿ ಉಂಡಿದ್ದರು ಎಂದು ಅಮ್ಮ ಈಗ ಹೇಳುತ್ತಾಳೆ. ಚಿಕ್ಕಮ್ಮ ತನ್ನ ಹೊಸ ಒಲೆಯ ಮೊದಲ ತುತ್ತೇ ಅವರದು ಅನ್ನುತ್ತಾಳೆ. ಹಾಗಾದರೆ ಆ ಎರಡು ತಟ್ಟೆಗಳನ್ನು ಕಂಡವಳು ನಾನೊಬ್ಬಳೇ?

ಗೂಡು ಬಿಡಿಸಿದ ದಿನ ಅಪ್ಪ ಕೇಳಿದ: "ಅಕ್ಕ, ಯಾವ ಕಡೆ ಇರ್ತೀಯ?" ಚಿಕ್ಕಪ್ಪನೂ ಪಕ್ಕದಲ್ಲೇ ಇದ್ದ. ನಮ್ಮ ಕಡೆ ಬಾ ಎಂದು ಇಬ್ಬರಲ್ಲಿ ಒಬ್ಬನೂ ಹೇಳಲಿಲ್ಲ.

"ಮರಿ ಹುಳ ತರಿಸಿದ್ದೀನಿ, ಈ ಬೆಳೆ ಮುಗೀಲಿ" ಅಂದಳು ಅತ್ತೆ.

ಆ ಬೆಳೆಯ ಹಿಂದೆ ಇನ್ನೊಂದು ಬಂತು. ಹುಳದ ಮನೆ ಪಾಲಾಗದೇ ಉಳಿಯಿತು. ಹೊಗೆ ಹುಳಕ್ಕೆ ಆಗದೆಂದು ಅದರ ಗೋಡೆಯಿಂದ ದೂರಕ್ಕೆ, ಸೀಬೆ ಮರದ ಬುಡದಲ್ಲಿ, ಅತ್ತೆ ಮೂರು ಕಲ್ಲಿನ ಒಲೆ ಹೂಡಿಕೊಂಡಳು.

ಎಪ್ಪತ್ತರ ದಶಕದಲ್ಲಿ ನಾನು ಬೆಂಗಳೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುವಾಗ, ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು ಕುಟುಂಬ ಎಂದು ಮೇಷ್ಟ್ರು ಬರೆಸಿದರು. ಮುಂದಿನ ಪಾಠದಲ್ಲಿ ಗಂಡ, ಹೆಂಡತಿ, ಮಕ್ಕಳು ಎಂಬ ಇನ್ನೊಂದು ವ್ಯಾಖ್ಯೆ ಬಂತು. ಎರಡರಲ್ಲೂ ಅತ್ತೆಗೆ ಜಾಗ ಹುಡುಕಿದೆ. ಒಬ್ಬಳೇ ಉಣ್ಣುವ ಒಲೆಗೆ ಏನನ್ನಬೇಕು? ಅವಳು ಬೇಡವೆಂದಳೋ, ನಾವು ಕರೆಯಲಿಲ್ಲವೋ? ಆ ಮಧ್ಯಾಹ್ನ ಅವಳು ಉಂಡಿದ್ದಳೋ ಇಲ್ಲವೋ ತಿಳಿದರೆ ಸಾಕು ಅನ್ನಿಸಿತು.

ಆ ಶನಿವಾರವೇ ಬಸ್ಸು ಹತ್ತಿದೆ. ಅಮ್ಮನ ಮನೆಗೂ ಹೋಗದೆ ನೇರ ಸೀಬೆ ಮರದ ಹತ್ತಿರ ಕೂತೆ. ಅತ್ತೆ ಮುದ್ದೆ ಕಟ್ಟಿ ನನ್ನ ತಟ್ಟೆಗೆ ಹಾಕಿದಳು, ಸಾರು ಬಿಟ್ಟಳು. ನಾನು ಕೇಳಿದೆ. ಅವಳು ನನ್ನ ಮುಖ ನೋಡಿ, ಇನ್ನೊಂದು ಸೌಟು ಸಾರು ಬಿಟ್ಟು, ಹುಳಕ್ಕೆ ಸೊಪ್ಪು ಹಾಕಲು ಎದ್ದುಹೋದಳು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಪಾಲಾದ ದಿನ ನೀನು ಯಾವ ಒಲೇದು ಉಂಡೆ?"