ಸಂಸ್ಕಾರ ಶಿಬಿರಕ್ಕೆ ಮುಂಚಿನ ಸಂಸ್ಕಾರ

ಬೇಸಿಗೆ ರಜೆಯಲ್ಲಿ ಮಗಳನ್ನು ಸಂಸ್ಕಾರ ಶಿಬಿರಕ್ಕೆ ಕಳಿಸುವುದೆಂದು ತೀರ್ಮಾನ ಮಾಡಿದ್ದು ನಾನಲ್ಲ, ನನ್ನ ಯಜಮಾನರೂ ಅಲ್ಲ, ಮಗಳಂತೂ ಅಲ್ಲವೇ ಅಲ್ಲ. ಮಾಡಿದ್ದು ಯಜಮಾನರ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಗದಗಿನ ಕಡೆಯಿಂದ ಬಂದು ಯಶವಂತಪುರದಲ್ಲಿ ಮನೆ ಮಾಡಿಕೊಂಡಿದ್ದ ಅವರಿಗೆ, ಸೋಲದೇವನಹಳ್ಳಿ ದಾಟಿದ ಮೇಲೆ ಸಿಗುವ ಒಂದು ಮಠದಲ್ಲಿ ಒಳ್ಳೆಯ ಬಳಕೆಯಿತ್ತು. ಮೇ ತಿಂಗಳಲ್ಲಿ ಆ ಮಠದವರು ಮಕ್ಕಳನ್ನು ಒಂದು ವಾರ ಅಲ್ಲೇ ಇರಿಸಿಕೊಂಡು ಲಿಂಗಪೂಜೆ ಮಾಡುವುದು, ವಚನ ಹೇಳುವುದು, ಸಾಲಾಗಿ ಕೂತು ಚೆಲ್ಲದೆ ಉಣ್ಣುವುದು ಇವನ್ನೆಲ್ಲ ಕಲಿಸುತ್ತಿದ್ದರು. ಹೆಣ್ಣುಮಕ್ಕಳ ಉಸ್ತುವಾರಿ ಅಕ್ಕನದು.

ಎಂಬತ್ತರ ದಶಕದ ಶುರುವಿನ ಮಾತು. ಒಂದು ಭಾನುವಾರ ಯಲಹಂಕದ ನಮ್ಮ ಬಾಡಿಗೆ ಮನೆಗೆ ಬಂದ ಅಕ್ಕ ಚಪ್ಪಲಿ ಬಿಡುತ್ತಲೇ ಕೇಳಿದರು.

"ಹುಡುಗಿ ದಿನಾ ಲಿಂಗಪೂಜಿ ಮಾಡ್ತಾಳ ಇಲ್ಲೊ?"

ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ಮಾಡ್ತಾಳಕ್ಕಾ. ದಿನಾ ಮಾಡ್ತಾಳ."

"ಮತ್ತ ನೀನು?"

"ಎಲ್ಲಾರೂ ಮಾಡ್ತೀವಿ."

ಅಕ್ಕ ನನ್ನ ಕಡೆ ತಿರುಗಿದರು. ನಾನು ಹಾಲು ಉಕ್ಕುತ್ತಿದೆಯೆಂದು ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ನಿಜ ಸಂಗತಿ ಏನೆಂದರೆ, ಮಗಳಿಗೆ ಹುಟ್ಟಿದ ಹೊಸದರಲ್ಲಿ ಕಟ್ಟಿಸಿದ್ದ ಲಿಂಗ, ದಾರ ಕಡಿದುಹೋದ ಯಜಮಾನರ ಲಿಂಗ, ನನ್ನದು, ಮೂರೂ ಬೀರುವಿನ ಲಾಕರಿನಲ್ಲಿ ಬಹಳ ಭದ್ರವಾಗಿದ್ದವು. ಅಕ್ಕ ಊರಿಂದ ತಂದುಕೊಟ್ಟಿದ್ದ ವಿಭೂತಿ ಗಟ್ಟಿಗಳಲ್ಲಿ ಒಂದನ್ನು ಮಗಳು ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆಯಲು ಇಟ್ಟುಕೊಂಡಿದ್ದಳು. ಸೀಮೆಸುಣ್ಣಕ್ಕಿಂತ ಚೆನ್ನಾಗಿ ಮೂಡುತ್ತದೆ ಎಂಬುದು ಅವಳ ಅಭಿಪ್ರಾಯ.

ಯಜಮಾನರು ಪೂಜೆ ಬಿಟ್ಟದ್ದು ಮದುವೆಗೂ ಮುಂಚೆ, ಕಾಲೇಜಿನ ಹಾಸ್ಟೆಲಿನಲ್ಲಿ. ಇದು ಮಗಳಿಗೂ ಗೊತ್ತಿತ್ತು. ಆದರೆ ಅದನ್ನು ಅಕ್ಕನಿಗೆ ಹೇಳುವವರು ಯಾರು? ನಾನು ತುಮಕೂರಿನ ಕಡೆಯವಳು. ರೊಟ್ಟಿ ದಪ್ಪವಾದರೂ, ಮುದ್ದೆ ಬೆಂದರೂ, "ಈ ಕಡಿ ಮಂದಿ ಹಿಂಗ" ಎಂದು ಅಕ್ಕ ನಿಟ್ಟುಸಿರು ಬಿಡುತ್ತಿದ್ದರು. ಇನ್ನು ತಮ್ಮನ ಮನೆಯಲ್ಲಿ ಲಿಂಗವೇ ಬೀರು ಸೇರಿದೆ ಎಂದು ಗೊತ್ತಾದರೆ ಅದು ಯಾರ ತಲೆಗೆ ಬರುತ್ತದೆಂದು ಜ್ಯೋತಿಷ್ಯ ಕೇಳಬೇಕಾಗಿರಲಿಲ್ಲ. ಶಿಬಿರಕ್ಕೆ ಹೋಗುವವಳು ಮಗಳು, ಪರೀಕ್ಷೆ ನನಗೆ. ಸುಳ್ಳು ಹೇಳಿದವರು ಯಜಮಾನರು, ಅದನ್ನು ನಿಜ ಮಾಡುವ ಕೆಲಸ ನನ್ನದು.

ಮಗಳೇನೂ ಮಂಕಲ್ಲ, ಒಮ್ಮೆ ತೋರಿಸಿದರೆ ಕಲಿಯುತ್ತಿದ್ದಳು. ಕಷ್ಟವಿದ್ದದ್ದು ಅವಳ ಸತ್ಯದಲ್ಲಿ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಮನೆ ಓನರಮ್ಮ ಪ್ರೀತಿಯಿಂದ ಕೊಟ್ಟ ಉಪ್ಸಾರು ಹೇಗಿತ್ತು ಎಂದಾಗ, "ಅಪ್ಪಂಗೆ ಸೇರಲ್ಲ, ಅದಕ್ಕೆ ಬಚ್ಚಲಿಗೆ ಚೆಲ್ಲಿದ್ವಿ," ಎಂದು ನಕ್ಕುಕೊಂಡೇ ಹೇಳಿ ಬಂದವಳು. ಅಂಥವಳನ್ನು ಅಕ್ಕನ ಪಕ್ಕದಲ್ಲಿ ಒಂದು ವಾರ ಮಲಗಿಸಬೇಕು.

ಮರುದಿನದಿಂದಲೇ ನಮ್ಮ ಮನೆಯ ಬೆಳಗು ಬದಲಾಯಿತು. ಲಾಕರಿನಿಂದ ಲಿಂಗಗಳು ಹೊರಗೆ ಬಂದವು, ಹೊಸ ದಾರ ಬಂತು. ನಮ್ಮಜ್ಜಿ ಹೇಗೆ ಕೂರುತ್ತಿದ್ದರು, ಯಾವ ಕೈಯಲ್ಲಿ ಏನು ಹಿಡಿಯುತ್ತಿದ್ದರು ಎಂದು ಒಂದೊಂದಾಗಿ ನೆನಪಿಸಿಕೊಂಡು ಹೇಳಿಕೊಟ್ಟೆ. ಸ್ನಾನವಾಗದೆ ಕಾಫಿ ಇಲ್ಲ ಎಂದೆ. ಇದರಿಂದ ಮಗಳಿಗೆ ಏನೂ ಆಗಲಿಲ್ಲ, ಅವಳು ಕಾಫಿ ಕುಡಿಯುತ್ತಲೇ ಇರಲಿಲ್ಲ. ಯಜಮಾನರು ಮಾತ್ರ ಬಚ್ಚಲ ಬಾಗಿಲಲ್ಲಿ ಟವಲು ಹೊದ್ದುಕೊಂಡು, ಶಿಬಿರಕ್ಕೆ ಹೋಗುತ್ತಿರುವುದು ತಾನೋ ಮಗಳೋ ಎಂದು ಕೇಳಿದರು.

"ಎಲ್ಲಾರೂ ಮಾಡ್ತೀವಿ ಅಂದೋರು ನೀವೇ ಅಲ್ವೇನ್ರೀ? ಅವಳು ಹೋಗಿ ಅಪ್ಪ ಮಾಡಲ್ಲ ಅಂದ್ರೆ?"

"ಹಂಗ್ ಹೇಳಬ್ಯಾಡ ಅಂತ ಹೇಳಿ ಕಳ್ಸು."

"ನಿಮ್ಮ ಮಗಳಿಗಾ?"

ಅವರು ತೆಪ್ಪಗೆ ನೀರು ತೋಡಿಕೊಂಡರು.

ಮೂವರೂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆವು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ವಿಭೂತಿ, ಹೂವು, ಪತ್ರೆ. ಮಗಳು ಎರಡನೇ ದಿನಕ್ಕೇ ಕಲಿತಳು. ಕಾರ್ಖಾನೆಯಲ್ಲಿ ಎಷ್ಟೋ ದೊಡ್ಡ ಮಿಷನ್ನು ಬಿಚ್ಚಿ ಜೋಡಿಸುವ ಯಜಮಾನರಿಗೆ ಎಡಬಲ ಮಾತ್ರ ಹತ್ತಲಿಲ್ಲ. ಲಿಂಗವನ್ನು ಬಲಗೈಗೆ ತೆಗೆದುಕೊಳ್ಳುವುದು, ಆಮೇಲೆ ವಿಭೂತಿಗೆ ಯಾವ ಕೈ ಎಂದು ಹುಡುಕುವುದು.

"ಅಪ್ಪಾ, ಎಡಗೈ."

"ಗೊತ್ತದ, ಸುಮ್ನಿರು."

"ಅದು ಬಲಗೈ ಅಪ್ಪಾ."

ಒಂದು ಬೆಳಿಗ್ಗೆ ಹೂವು ಬಿಡಿಸುತ್ತಿದ್ದಾಗ ಓನರಮ್ಮ ಕಾಂಪೌಂಡಿನ ಆಚೆಯಿಂದ ಇಣುಕಿದರು. "ಏನವ್ವಾ, ಇತ್ತೀಚ್ಗೆ ಒತ್ತಾರೆಲೇ ಎದ್ದು ಇಂಗೆ ಪೂಜೆ ಇಡ್ಕಂಡಿದೀರ. ಯಾರ್ಗೇನಾಯ್ತು?"

ಯಾರಿಗೂ ಏನೂ ಆಗಿಲ್ಲ, ಮಗಳು ಶಿಬಿರಕ್ಕೆ ಹೋಗುತ್ತಾಳೆ, ಅಲ್ಲಿ ಇದನ್ನೆಲ್ಲ ಕಲಿಸುತ್ತಾರೆ ಎಂದೆ.

"ಅಲ್ಲೇ ಕಲಿಸ್ತಾರಲ್ಲವ್ವಾ, ಮತ್ತೆ ನೀನ್ಯಾಕ್ ಕಲಿಸ್ತಿದೀಯ?"

ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲಿಂದ ಹೇಳಬೇಕಾಗಿತ್ತು. ಹೂವು ಸಾಕೆಂದು ಒಳಗೆ ಬಂದೆ.

ಹೊರಡುವ ದಿನ ಬಂತು. ಟ್ರಂಕಿಗೆ ಬಿಳಿ ಲಂಗ, ರವಿಕೆ, ತಟ್ಟೆ, ಲೋಟ ಹಾಕಿದೆ. ಜಮಖಾನದಲ್ಲಿ ಹಾಸಿಗೆ ಸುತ್ತಿದೆ. ಜಡೆ ಹೆಣೆಯುತ್ತಾ, ಬೇರೆ ಏನೋ ಮಾತಾಡುವವಳ ಹಾಗೆ ಶುರು ಮಾಡಿದೆ.

"ಮನೇಲಿ ದಿನಾ ಪೂಜೆ ಮಾಡ್ತೀರಾ ಅಂತ ಅತ್ತೆ ಕೇಳಿದ್ರೆ ಏನಂತೀಯ?"

"ಮಾಡ್ತೀವಿ ಅಂತೀನಿ. ಮಾಡ್ತಿದೀವಲ್ಲ."

"ಜಾಣೆ."

"ಯಾವತ್ತಿಂದ ಅಂತ ಕೇಳಿದ್ರೆ?"

"ಹಂಗೆಲ್ಲಾ ಕೇಳಲ್ಲ ಬಿಡು."

"ಕೇಳಿದ್ರೆ, ಅಮ್ಮಾ?"

ಜಡೆ ಬಿಗಿಯಾಯಿತೆಂದು ಅವಳು ಕೂಗಿದಳು. ಸುಳ್ಳು ಹೇಳು ಎನ್ನಲು ನನಗೆ ಬಾಯಿ ಬರಲಿಲ್ಲ. ಮಗುವನ್ನು ಸಂಸ್ಕಾರ ಕಲಿಯಲು ಕಳಿಸುತ್ತಾ, ಹೊಸಿಲು ದಾಟುವಾಗ ಅದೊಂದನ್ನು ಕಟ್ಟಿಕೊಡುವುದು ಹೇಗೆ? ರಿಬ್ಬನ್ನು ಕಟ್ಟಿ ಅವಳನ್ನು ಎಬ್ಬಿಸಿದೆ.

ಆ ವಾರವೆಲ್ಲ ಮನೆ ಬಿಕೋ ಎನ್ನುತ್ತಿತ್ತು. ರಾತ್ರಿ ಹೆದರಿದಳೋ, ಊಟ ಸೇರಿತೋ ಎಂದು ಚಿಂತೆ ಮಾಡಬೇಕಾದ ತಾಯಿ ನಾನು, ಅವಳು ಇಷ್ಟು ಹೊತ್ತಿಗೆ ಏನೇನು ಹೇಳಿರಬಹುದು ಎಂದು ಚಿಂತಿಸುತ್ತಿದ್ದೆ.

ಕೊನೆಯ ದಿನ ತಂದೆತಾಯಿಯರೂ ಬರಬೇಕೆಂದಿದ್ದರು. ಬಸ್ಸು ಹಿಡಿದು ಇಬ್ಬರೂ ಹೋದೆವು. ಮಾವಿನ ಮರಗಳ ಕೆಳಗೆ ಚಾಪೆ ಹಾಸಿ ಹುಡುಗಿಯರನ್ನು ಸಾಲಾಗಿ ಕೂರಿಸಿದ್ದರು. ಮಗಳು ಎಲ್ಲವನ್ನೂ ತಪ್ಪಿಲ್ಲದೆ ಮಾಡಿದಳು. ನನಗೆ ಉಸಿರು ಬಂತು. ಅಷ್ಟರಲ್ಲಿ ಅಕ್ಕ ಅವಳ ಕೈಹಿಡಿದುಕೊಂಡು ನಮ್ಮ ಕಡೆ ಬಂದರು. ಮುಖದಲ್ಲಿ ನಗುವಿರಲಿಲ್ಲ.

"ಮೊದಲನೇ ದಿನ ಬಾಕಿ ಹುಡುಗ್ಯಾರೆಲ್ಲ ಮಿಕಿಮಿಕಿ ನೋಡ್ಕೋತ ಕುಂತಿದ್ರು. ಇಕಿ ಒಬ್ಬಾಕಿ ಚೊಲೋತ್ನಾಗಿ ಮಾಡಿದ್ಲು," ಎಂದರು ನನಗೆ. "ಯಾರ್ ಕಲಿಸಿದ್ರವಾ ಅಂತ ಕೇಳಿದೆ. ಏನಂದ್ಲು ಗೊತ್ತೇನು?"

ನಾನು ಮಗಳ ರಿಬ್ಬನ್ನು ಸರಿಮಾಡತೊಡಗಿದೆ.

"ಅಮ್ಮ ಕಲಿಸಿದ್ಲು, ಅಪ್ಪಂಗೂ ಕಲಿಸಿದ್ಲು, ಅಪ್ಪಂಗೆ ಇನ್ನೂ ಬರಲ್ಲ ಅಂದ್ಲು!"

ಯಜಮಾನರು ಮಾವಿನ ಮರದಲ್ಲಿ ಕಾಯಿ ಎಣಿಸುವವರ ಹಾಗೆ ಮೇಲೆ ನೋಡಿದರು.

"ಮ್ಯಾಲೇನ್ ನೋಡ್ತೀ? ಇಲ್ನೋಡು. ಅಪ್ಪನ ಮಗ್ಗಲದಾಗ ಕುಂತು ಪೂಜಿ ಮಾಡಿ ಬೆಳದಾಂವ ನೀನು. ಕಟಗೊಂಡ ಹೆಣತಿ ನಿನಗ ಎಡಗೈ ಯಾವ್ದು ಅಂತ ತೋರಸಬೇಕಾತೇನೋ? ಯಾವಾಗ ಬಿಟ್ಟಿ?"

"ಹಾಸ್ಟೆಲ್ಲಲ್ಲೇ ಬಿಟ್ರಂತೆ, ಅತ್ತೆ," ಎಂದಳು ಮಗಳು, ಅಪ್ಪನಿಗೆ ಸಹಾಯ ಮಾಡುವ ದನಿಯಲ್ಲಿ.

ಅಕ್ಕ ಮಗಳ ಕೈ ಬಿಟ್ಟರು. ಆಮೇಲೆ ಒಳಗೆ ಹೋಗಿ ತಮ್ಮ ಹಾಸಿಗೆ ಸುರುಳಿಯನ್ನೂ ಚೀಲವನ್ನೂ ತಂದು ನಮ್ಮ ಟ್ರಂಕಿನ ಪಕ್ಕದಲ್ಲಿಟ್ಟರು. "ನಡೀರಿ. ಒಂದು ವಾರ ನಿಮ್ಮ ಮನ್ಯಾಗ ಇರ್ತೀನಿ. ಇಂವಗ ಕಲಸಾಕ ಒಬ್ಬಾಕಿ ಕೈಲೆ ಆಗೂದಿಲ್ಲ."

ಬಸ್ಸು ಅರ್ಧ ಖಾಲಿಯಿತ್ತು. ಎಂದೂ ನನ್ನ ಪಕ್ಕದಲ್ಲಿ ಕೂರದಿದ್ದ ಅಕ್ಕ ಅಂದು ನನ್ನನ್ನು ಕಿಟಕಿಯ ಕಡೆ ಸರಿಸಿ ಕೂತರು. ಮಗಳು ನಮ್ಮ ಮುಂದಿನ ಸೀಟಿನಲ್ಲಿ ಕಲಿತ ವಚನವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಯಜಮಾನರು ಅಷ್ಟೊಂದು ಸೀಟುಗಳಿದ್ದರೂ ಹಿಂದೆ ಕಂಬಿ ಹಿಡಿದು ನಿಂತಿದ್ದರು.

"ನಾಳಿಂದ ಐದಕ್ಕ ಎಬ್ಬಸೂಣು," ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿದರು. "ನೀ ಎಬ್ಬಸು. ಏಳಲಿಲ್ಲಂದ್ರ ನಾ ಬರ್ತೀನಿ. ಏನಂತೀ ತಂಗಿ?"

ಹೂಂ ಎಂದೆ. ಬೆಳಗಿನ ಪೂಜೆಗೆ ಯಜಮಾನರ ಬಿಳಿ ಪಂಚೆ ಒಗೆದಿದೆಯೋ ಇಲ್ಲವೋ ಎಂದು ನನಗಾಗಲೇ ಯೋಚನೆ ಹತ್ತಿತ್ತು.