ನಾಗಣ್ಣ ‘ಬತ್ತೆ’ ಅಂದದ್ದು

ಕೋಡಿಯ ನಾಗಣ್ಣನನ್ನು ಈಗ ಜನ ‘ಬತ್ತೆ ನಾಗ’ ಎಂದು ಕರೆದು ನಗುತ್ತಾರೆ. ನಗುವವರಲ್ಲಿ ಹೆಚ್ಚಿನವರಿಗೆ ನಡೆದದ್ದೇನೆಂದು ಗೊತ್ತಿಲ್ಲ. ಆ ದಿನ ನಾನು ಅದೇ ತಂಡದಲ್ಲಿ ಬಲಬದಿಯ ಡಿಫೆಂಡರ್ ಆಗಿ ಆಡುತ್ತಿದ್ದೆ. ನನ್ನ ಕಿವಿಗೆ ಬೀಳದ ಮಾತುಗಳನ್ನು ಹತ್ತಿರವಿದ್ದವರ ಬಳಿ ಮತ್ತೆ ಮತ್ತೆ ವಿಚಾರಿಸಿ ಬರೆಯುತ್ತಿದ್ದೇನೆ.

ನಾಗಣ್ಣ ಬೋಟಿನಲ್ಲಿ ಬಲೆ ಎಳೆಯುವವರು. ನಮ್ಮ ‘ಅಳಿವೆ ಫ್ರೆಂಡ್ಸ್’ ಫುಟ್ಬಾಲ್ ತಂಡದ ಗೋಲ್‌ಕೀಪರ್ ಕೂಡ ಅವರೇ. ಚಿಕ್ಕಂದಿನಲ್ಲಿ ಕಡಲ ದಂಡೆಯಲ್ಲಿ ಆಡುವಾಗ ಗೋಲಿಗೆ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲವಂತೆ. ಅವರು ನಿಂತರು, ಮತ್ತೆ ಆ ಜಾಗ ಬಿಡಲಿಲ್ಲ. ಮಾತು ಕಡಿಮೆ, ಸಿಟ್ಟು ಜಾಸ್ತಿ. ನಾನು ಚೆಂಡು ತಪ್ಪಿಸಿದರೆ ಹಿಂದಿನಿಂದ ಗದರುತ್ತಿದ್ದರು: “ಹ್ವಾಯ್, ನಿನ್ನದೆಂತ ಸತ್ತ ಮೀನಿನ ಕಣ್ಣಾ? ಮುಚ್ಚುದೂ ಇಲ್ಲ, ಕಾಂಬುದೂ ಇಲ್ಲ!”

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲ್ಲೂಕುಗಳ ಲೀಗಿನಲ್ಲಿ ನಮ್ಮದು ಎರಡನೇ ಡಿವಿಜನ್. ಜೂನ್, ಜುಲೈಯಲ್ಲಿ ಬೋಟುಗಳಿಗೆ ರಜೆ, ಆದ್ದರಿಂದ ಪಂದ್ಯಗಳೆಲ್ಲ ಜಡಿಮಳೆಯಲ್ಲೇ ನಡೆಯುತ್ತವೆ. ನಾವು ಪ್ರತಿ ವರ್ಷ ಕೆಸರು ಮೆತ್ತಿಕೊಂಡು ಎರಡನೇ ಡಿವಿಜನ್ನಿನಲ್ಲೇ ಉಳಿಯುತ್ತಿದ್ದೆವು. ಈ ಸಲ ನಾಗಣ್ಣನ ಮೊಣಕಾಲು ಹಾಳಾಗಿತ್ತು. “ಒಂದ್ ಸಲ ಮೇಲಿನ್ ಡಿವಿಜನ್ನಿಗೆ ಹತ್ತುವ, ಮತ್ತೆ ನಾ ಬಿಟ್ಬಿಡ್ತೆ,” ಎಂದಿದ್ದರು. ಕೊನೆಯ ಪಂದ್ಯ ಬ್ರಹ್ಮಾವರದಲ್ಲಿ, ಕೊಕ್ಕರ್ಣೆಯವರ ಮೇಲೆ. ನಮಗೆ ಡ್ರಾ ಆದರೆ ಸಾಕಿತ್ತು.

ಮೊದಲ ಅರ್ಧ ಮುಗಿಯುವ ಹೊತ್ತಿಗೆ ಯಾರೂ ಗೋಲು ಹೊಡೆದಿರಲಿಲ್ಲ. ಆಗ ಎದುರಾಳಿಯ ಕಾಲಿನಿಂದ ಚೆಂಡು ಕಸಿಯಲು ಹಾರಿದ ನಾಗಣ್ಣನ ಹುಬ್ಬಿಗೆ ಬೂಟು ಬಡಿಯಿತು. ರಕ್ತ ಸುರಿಯುತ್ತಿದ್ದರೆ ಹೊರಗೆ ಹೋಗಲೇಬೇಕು, ಪಟ್ಟಿ ಕಟ್ಟಿಸಿಕೊಂಡು ಮರಳಬಹುದು. ನಮ್ಮ ಬದಲಿ ಆಟಗಾರರಿಬ್ಬರೂ ಬೋಟಿನ ರಿಪೇರಿಗೆಂದು ಮಲ್ಪೆಗೆ ಹೋಗಿದ್ದರು. ನಾಗಣ್ಣ ಗ್ಲೌಸನ್ನು ನಡುವೆ ಆಡುತ್ತಿದ್ದ ರತನನ ಕೈಗೆ ಕೊಟ್ಟು, ಕಮಿಟಿಯ ಮೇಜಿನ ಹತ್ತಿರ ಹಾದು ಹೋಗುವಾಗ “ಬತ್ತೆ”, ಅಂದರೆ ಬರುತ್ತೇನೆ, ಎಂದರು. ಅವರ ಹೆಂಡತಿ ಸುಗುಣಕ್ಕ ರಿಕ್ಷಾದಲ್ಲಿ ಡಾಕ್ಟರ ಬಳಿಗೆ ಕರೆದೊಯ್ದರು.

ಮೇಜಿನ ಹಿಂದೆ ಕುಳಿತಿದ್ದವರು ಕಮಿಟಿಯ ಪ್ರೇಮಾನಂದ. ಕೊಕ್ಕರ್ಣೆ ತಂಡಕ್ಕೆ ಜೆರ್ಸಿ ಮಾಡಿಸಿಕೊಟ್ಟವರೂ ಅವರೇ. ರೆಫರಿ ಘಟ್ಟದ ಮೇಲಿನವರು, ನಮ್ಮ ಕಡೆಯ ಮಾತು ತಿಳಿಯದವರು. ಅವನು ಏನೆಂದು ಹೋದ ಎಂದು ಅವರು ಕೇಳಿದಾಗ ಪ್ರೇಮಾನಂದರು ಹೇಳಿದರು: “ನಮ್ಮ ಕಡೆ ‘ಬತ್ತೆ’ ಅಂದರೆ ಹೋಗುತ್ತೇನೆ ಅಂತ ಅರ್ಥ ಸರ್. ಮನೆಯಿಂದ ಹೊರಡುವಾಗ ಹೇಳುವ ಮಾತು. ಆಟ ಬಿಟ್ಟು ಹೋದ.”

ಅದು ಪೂರ್ತಿ ಸುಳ್ಳಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ನಮ್ಮಲ್ಲಿ ಹೊರಡುವವರು ಯಾರೂ ‘ಹೋತೆ’ ಅನ್ನುವುದಿಲ್ಲ, ಅದು ಅಪಶಕುನ. ಎಲ್ಲರೂ ‘ಬತ್ತೆ’ ಎನ್ನುತ್ತಾರೆ. ಆ ಒಳ್ಳೆಯ ಮಾತನ್ನು ಹೊರಗಿನವರ ಮುಂದೆ ತಿರುಚಲು ನಮ್ಮವರಿಗೆ ಮಾತ್ರ ಸಾಧ್ಯ.

ಎರಡನೇ ಅರ್ಧ ಶುರುವಾಗುವಾಗ ನಾಗಣ್ಣ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದರು. ಪ್ರೇಮಾನಂದರು ಅವರನ್ನು ಗೆರೆಯ ಬಳಿ ತಡೆದರು.

“ಹ್ವಾಯ್ ಪ್ರೇಮಣ್ಣ, ಎಂತ ತಮಾಷಿ? ಒಳಗ್ ಬಿಡಿ.”

“ನೀ ‘ಬತ್ತೆ’ ಅಂದ್ ಹೋದ್ದಲ್ದಾ ನಾಗ?”

“ಹೌದ್. ಅಂದೆ. ಈಗ ಬಂದೆ.”

“ಆಟ ಬಿಟ್ಟ ಅಂದೇಳಿ ಬರ್ದಾಯ್ತ್ ಮಾರಾಯ.”

ಸುಗುಣಕ್ಕ ಸುಮ್ಮನಿರಲಿಲ್ಲ. “ಹೊಲ್ಗಿ ಹಾಕ್ಸಿ ಕರ್ಕೊಂಬಂದದ್ದ್ ಎಂತಕ್ಕೆ? ನಿಮ್ಮ್ ಮೋರೆ ಕಾಂಬುಕಾ?”

ರೆಫರಿ ಮೇಜಿನವರ ಮಾತನ್ನೇ ನಂಬಿದರು. ನಾವು ಹತ್ತು ಜನ ಆಡಿದೆವು. ಕೊನೆಗೆ ಒದ್ದೆ ಚೆಂಡು ರತನನ ಗ್ಲೌಸಿನಿಂದ ಜಾರಿ ಒಳಗೆ ಹೋಯಿತು. ಗೆರೆಯ ಹೊರಗೆ ನಿಂತಿದ್ದ ನಾಗಣ್ಣನ ಎರಡೂ ಕೈ ಮುಂದೆ ಚಾಚಿಕೊಂಡಿದ್ದವು.

ನಾವು ದೂರು ಕೊಟ್ಟೆವು. ಮರುದಿನ ಕಮಿಟಿ ನಾಗಣ್ಣನನ್ನು ಕರೆಯಿತು. ಜೊತೆಗೆ ಸುಗುಣಕ್ಕನೂ ಹೋದರು. ಮತ್ತೆ ಪ್ರೇಮಾನಂದರದೇ ಪ್ರಶ್ನೆ. “ನಿನ್ನೆ ಬೆಳಿಗ್ಗೆ ಹೊರಡುವತಿಗೆ ಮನಿಯಲ್ಲ್ ಎಂತ ಹೇಳ್ದೆ?”

“ಬತ್ತೆ ಅಂದೆ.”

“ಹಾಂಗಾರೆ ಹೋತೆ ಅಂತ್ಲೇ ಅರ್ಥ ಅಲ್ದಾ?”

ನಾಗಣ್ಣ ಮೇಜಿನ ಮೇಲೆ ಅಂಗೈ ಊರಿದರು. “ಕಡ್ಲಿಗ್ ಹೋಪತಿಗೂ ನಾ ‘ಬತ್ತೆ’ ಅಂತೆ. ವಾಪಾಸ್ ಬಪ್ಪುಕಿತ್ತ್ ಅಂದೇ ಹಾಂಗ್ ಹೇಳುದ್. ಹೇಳಿ ಒಂದ್ ದಿನ ಆದ್ರೂ ಬರ್ದೇ ಇದ್ದಿನಾ? ಕೇಳಿ ಇವ್ಳ ಹತ್ರ!”

ಕಮಿಟಿಯವರು ಚಪ್ಪಾಳೆ ತಟ್ಟಿದರು. ಒಬ್ಬರು “ಭಾರಿ ಮಾತ್ ಹೇಳ್ದೆ ಮಾರಾಯ” ಎಂದು ಬೆನ್ನು ಚಪ್ಪರಿಸಿದರು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಸಂಜೆಯೊಳಗೆ ಆ ಮಾತು ಊರೆಲ್ಲ ಹರಡಿ ತಮಾಷೆಯಾಯಿತು. ಅನ್ಯಾಯ ಮಾಡಿದವರೇ ಅದನ್ನು ಕತೆ ಮಾಡಿ ಹೇಳಿ ನಗಿಸುತ್ತಿದ್ದರು.

ಬಹುಮಾನದ ದಿನ ಅದೇ ಮೈದಾನದ ಬದಿಯ ವೇದಿಕೆಯಲ್ಲಿ ಪ್ರೇಮಾನಂದರು ಮೈಕಿನಲ್ಲಿ ನಾಗಣ್ಣನ ಕ್ರೀಡಾ ಮನೋಭಾವವನ್ನು ಹೊಗಳಿ, ಶಾಲು ಹೊದೆಸುತ್ತೇವೆ, ಬರಬೇಕು ಎಂದರು. ನಾಗಣ್ಣ ವೇದಿಕೆ ಹತ್ತಲಿಲ್ಲ. ಕೆಳಗಿನಿಂದಲೇ ಹೇಳಿದರು:

“ಶಾಲ್ ಬ್ಯಾಡ. ನನ್ನ ಎರಡ್ನೇ ಅರ್ಧ ಈಗ್ಳೇ ಕೊಡಿ. ಮೈದಾನ ಇಲ್ಲೇ ಇತ್ತ್, ಅವ್ರೂ ಇದ್ರ್, ನಾವೂ ಇದ್ದೊ. ಆಡಿ ಸೋತ್ರೆ ನಾನೇ ಬಂದ್ ಹೊದ್ಕಂತೆ.”

ಕೊಕ್ಕರ್ಣೆಯ ಕ್ಯಾಪ್ಟನ್ ಶೈಲೇಶ್ ಕುರ್ಚಿಯಿಂದ ಎದ್ದ. “ಆಡ್ವ ನಾಗಣ್ಣ,” ಎಂದು ಚಪ್ಪಲಿ ಬಿಚ್ಚಿದ. ಅವನ ತಂಡದವರು ಒಬ್ಬೊಬ್ಬರೇ ಎದ್ದರು. ನಾವೂ ಎದ್ದೆವು. ನಾಗಣ್ಣ ಆಗಲೇ ಮೈದಾನದ ಕಡೆಗೆ ತಿರುಗಿದ್ದರು.

ಪ್ರೇಮಾನಂದರು ಮೈಕನ್ನು ಬಾಯಿಗೆ ಹತ್ತಿರ ಹಿಡಿದು, “ಕಾರ್ಯಕ್ರಮ ಮುಗಿಯಿತು. ಎಲ್ಲರೂ ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕು,” ಎಂದರು.

ಎದ್ದವರೆಲ್ಲ ಇದ್ದಲ್ಲೇ ನೆಟ್ಟಗೆ ನಿಂತೆವು. ನಾಗಣ್ಣನೂ ನಿಂತರು. ಮಳೆ ಹನಿಯುತ್ತಿತ್ತು, ಹುಬ್ಬಿನ ಪಟ್ಟಿ ನೆನೆಯುತ್ತಿತ್ತು, ಮುಷ್ಟಿ ಬಿಗಿದಿತ್ತು. ಹಾಡು ಮುಗಿದು ನಾವು ಕಣ್ಣೆತ್ತುವಷ್ಟರಲ್ಲಿ ಕಮಿಟಿಯವರ ಕಾರುಗಳು ಗೇಟು ದಾಟಿದ್ದವು.